ಹಿರೇಬೆಣಕಲ್ ಗುಡ್ಡದಾಗ "ಕತ್ತಲೆ ಪಂಥ" ಇಲ್ರೀ, ಒಂದು ಸ್ಪಷ್ಟನೆ

ನಿನ್ನೆಯಿಂದ ಗಂಗಾವತಿ ಕಡೆ ವಾಟ್ಸಾಪಿನಾಗ ಒಂದು ಮೆಸೇಜ್ ಓಡಾಡಾಕತ್ತೈತಿ, ಹಿರೇಬೆಣಕಲ್ ಗುಡ್ಡದಾಗ ಕತ್ತಲೆ ಪೂಜೆ ಮಾಡೋ ಗುಪ್ತ ಪಂಥದವ್ರು ಅದಾರ, ಕಲ್ಲಿನ ಮನಿ ತೂತಿನ ಹತ್ರ ಅವ್ರ ಗುರುತು ಸಿಕ್ಕೈತಿ ಅಂತ, ಜೋಡಿ ಒಂದು ಫೋಟೋನೂ ಐತಿ. ಪೂರಾ ಸುಳ್ಳು. ಫೋಟೋದಾಗಿನ ಆ ಕರೀ ವೃತ್ತ, ಸುತ್ತ ನೇರಳೆ ಅಂಚು, ಅದು ಶಾರ್ ಅನ್ನೋ ಕತ್ತಲೆ ದೇವತೆ ಗುರುತು, ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಕಲ್ಪನಾ ಲೋಕದಾಕಿ, ಚಂದ್ರದೇವತೆ ಸೆಲೂನೆಗೆ ಅವಳಿ ಮತ್ತ ಕಡುವೈರಿ. ಅದೇ ಲೋಕದ ಮ್ಯಾಲೆ 2023ರಾಗ ಬಂದ ಬಾಲ್ಡರ್ಸ್ ಗೇಟ್ 3 ವಿಡಿಯೋ ಗೇಮಿನಾಗ ಶ್ಯಾಡೋಹಾರ್ಟ್ ಅನ್ನೋ ಹುಡುಗಿ ಈ ಶಾರ್‌ನ ಪಂಥದಾಕಿ, ಗುಟ್ಟು ಹೊರಗ ಬೀಳಬಾರ್ದಂತ ಆಕಿ ನೆನಪನ್ನೇ ಮುಚ್ಚಿಟ್ಟಿರ್ತಾರ. ಫೋಟೋ ಝೂಮ್ ಮಾಡಿ ನೋಡ್ರಿ, ಕಲ್ಲು ಒರಟು, ನಡುವ ಬಿರುಕು ಐತಿ, ಗುರುತು ಮಾತ್ರ ನುಣ್ಣಗ ಬಿರುಕಿನ ಮ್ಯಾಲೇ ಹಾದುಹೋಗೈತಿ, ಅಂದ್ರ ಯಾರೋ ಎಡಿಟ್ ಮಾಡಿ ಅಂಟಿಸ್ಯಾರ.

ಇನ್ನ ಆ ಕಲ್ಲಿನ ಮನಿ, ನಮ್ಮ ಹಿರ್ಯಾರು ಮೋರ್ಯರ ಮನಿ ಅಂತಾರಲ್ಲ, ಅವು ಎರಡು ಸಾವಿರ ವರ್ಷಕ್ಕೂ ಹಳೇವು, ಸತ್ತವ್ರ ನೆನಪಿಗೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾ ಸ್ಮಾರಕ, ಸುಮಾರು 400 ಅದಾವ. ಆ ದುಂಡನೇ ತೂತೂ ಕಟ್ಟಿದವ್ರೇ ಕೊರೆದದ್ದು. 2021ರಾಗ ಈ ಜಾಗ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರೈತಿ. ಮೆಸೇಜ್ ನಂಬಿ ರಾತ್ರಿ ಹೋಗಿ ಒಂದು ಚಪ್ಪಡಿ ಕೆಡವಿದ್ರೂ ಅದನ್ನ ಮತ್ತ ಹಂಗ ನಿಲ್ಲಿಸಾಕ ಆಗಂಗಿಲ್ರಪ್ಪ. ಫಾರ್ವರ್ಡ್ ಮಾಡಿದವ್ರು ದಯವಿಟ್ಟು ಡಿಲೀಟ್ ಮಾಡ್ರಿ.