ಕೊಝುಮೆಲ್‌ನಲ್ಲಿ ಹೀಗಿರಲಿಲ್ಲ

ಮದುವೆ ಊಟಕ್ಕೆ ಕೂತಿದ್ದೀರಿ. ಬಿಸಿ ಹೋಳಿಗೆ ಎಲೆಗೆ ಬಿದ್ದಿದೆ, ತುಪ್ಪ ಇನ್ನೂ ಹರಿಯುತ್ತಿದೆ, ಅಷ್ಟರಲ್ಲಿ ಪಕ್ಕದವರು ಒಂದು ಚೂರು ಬಾಯಿಗಿಟ್ಟುಕೊಂಡು "ಹೋದ ತಿಂಗಳು ಅವರ ಮನೆ ಮದುವೇಲಿ ಹೋಳಿಗೆ ಇದಕ್ಕಿಂತ ಮೆತ್ತಗಿತ್ತು" ಅನ್ನುತ್ತಾರಲ್ಲ, ಅಂಥವರೊಬ್ಬರ ಜೊತೆ ಸಮುದ್ರದೊಳಗೆ 18 ಮೀಟರ್ ಇಳಿದು ಬಂದಿದ್ದೇನೆ. ಕಿವಿಯಲ್ಲಿ ಇನ್ನೂ ಉಪ್ಪುನೀರು ಗುಳುಗುಳು ಅನ್ನುತ್ತಿದೆ. ಸಿಟ್ಟು ಕೂಡ ಆರಿಲ್ಲ.

ಅವರು ನನ್ನ ಭಾವ, ಅಕ್ಕನ ಗಂಡ. ಹಾಗಾಗಿ ಬೈಯುವ ಹಾಗಿಲ್ಲ, ಬಹುವಚನ ಬಿಡುವ ಹಾಗೂ ಇಲ್ಲ. ಅವರು ಅಟ್ಲಾಂಟಾದಲ್ಲಿದ್ದಾರೆ, ನಾನು ಹ್ಯೂಸ್ಟನ್‌ನಲ್ಲಿ. ಇಬ್ಬರಿಗೂ ಡೈವಿಂಗ್ ಹುಚ್ಚು. ಮೊದಲ ಸಲ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಬಿದ್ದದ್ದು ನಮ್ಮ ನೇತ್ರಾಣಿಯಲ್ಲಿ. ಮುರುಡೇಶ್ವರದ ಶಿವ ಹಿಂದೆ ಸಣ್ಣಗಾಗುತ್ತಾ ಹೋಗುವುದನ್ನು ದೋಣಿಯಲ್ಲಿ ಕೂತು ನೋಡಿಕೊಂಡು, ಅಲೆಗೆ ಹೊಟ್ಟೆ ತೊಳಸಿ, ಕೊನೆಗೆ ನೀರಿಗೆ ಬಿದ್ದರೆ ಸಾಕಪ್ಪಾ ಅನ್ನಿಸಿತ್ತು. ಆಮೇಲೆ ಭಾವ ಕೆರಿಬಿಯನ್ ಸುತ್ತಲು ಶುರು ಮಾಡಿದರು. ಮೆಕ್ಸಿಕೋದ ಕೊಝುಮೆಲ್, ಗ್ರ್ಯಾಂಡ್ ಕೇಮನ್, ಹೊಂಡುರಾಸ್‌ನ ರೊಆಟಾನ್, ಕ್ಯುರಸಾವ್. ಪ್ರತಿ ಊರಿಂದಲೂ ಒಂದು ಟೀ ಶರ್ಟ್ ತಂದರು. ಜೊತೆಗೆ ಮುಂದಿನ ಊರನ್ನು ಬೈಯಲು ಒಂದು ಕಾರಣವನ್ನೂ ತಂದರು.

ಈ ಸಲ ಬೊನೇರ್. ವೆನೆಜುವೆಲಾದ ಉತ್ತರಕ್ಕಿರುವ ಸಣ್ಣ ದ್ವೀಪ, 2010ರಿಂದ ನೆದರ್‌ಲೆಂಡ್ಸ್‌ನ ವಿಶೇಷ ಪುರಸಭೆ, ಆದರೆ ನಡೆಯುವುದು ಅಮೆರಿಕದ ಡಾಲರ್. ಜನ ಮಾತಾಡುವುದು ಪಾಪಿಯಾಮೆಂಟು. ಗಾಡಿಗಳ ನಂಬರ್ ಪ್ಲೇಟಿನ ಮೇಲೇ 'ಡೈವರ್ಸ್ ಪ್ಯಾರಡೈಸ್' ಅಂತ ಬರೆದಿರುತ್ತದೆ. ಇಲ್ಲಿ ದೋಣಿ ಬೇಡ. ವಾಣಿಜ್ಯ ಮಾರುತ ಪೂರ್ವದಿಂದ ಬೀಸುತ್ತದೆ, ಪಶ್ಚಿಮದ ದಡ ಅದರ ಮರೆಗೆ ಬೀಳುತ್ತದೆ, ಹಾಗಾಗಿ ಆ ಕಡೆ ನೀರು ಶಾಂತ. ದ್ವೀಪದಲ್ಲಿ ನದಿ ಇಲ್ಲ, ಮಣ್ಣು ಕೊಚ್ಚಿ ಬರುವುದಿಲ್ಲ, ನೀರು ತಿಳಿ. ಹವಳದ ದಂಡೆಯೂ ದಡಕ್ಕೆ ಹತ್ತಿರವೇ. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳಿವೆ, ಒಂದೊಂದರ ಮೇಲೂ ಒಂದು ಹೆಸರು. ಕಲ್ಲು ಕಂಡಲ್ಲಿ ಗಾಡಿ ನಿಲ್ಲಿಸಿ, ಇಳಿದು, ಸಮುದ್ರಕ್ಕೆ ನಡೆದುಕೊಂಡು ಹೋದರಾಯಿತು. ಪ್ರತಿ ಸಲ ಯಾರನ್ನೂ ಕೇಳಬೇಕಿಲ್ಲ. ಇದಕ್ಕೆ ಎಲ್ಲರೂ ಸ್ವಾತಂತ್ರ್ಯ ಅನ್ನುತ್ತಾರೆ.

ಹಾಗೆ ಅನ್ನುವವರು ಮಧ್ಯಾಹ್ನದ ಬಿಸಿಲಲ್ಲಿ ವೆಟ್‌ಸೂಟ್ ಅನ್ನುವ ಬಿಗಿ ರಬ್ಬರ್ ಉಡುಪು ಹಾಕಿಕೊಂಡವರಲ್ಲ. ಒಣ ಮೈಗೆ ಅದು ಏರುವುದಿಲ್ಲ, ಬೆವತ ಮೈಗೆ ಅಂಟಿಕೊಂಡು ಮೊಣಕಾಲಿನ ಹತ್ತಿರ ಧರಣಿ ಕೂರುತ್ತದೆ. ಹಾಗೂ ಹೀಗೂ ಹಾಕಿಕೊಂಡಿರಿ ಅನ್ನಿ, ಬೆನ್ನಿಗೆ ಸಿಲಿಂಡರ್. ತುಂಬಿದ ಅಲ್ಯುಮಿನಿಯಂ ಸಿಲಿಂಡರ್ ಒಂದೇ 16 ಕಿಲೋ ದಾಟುತ್ತದೆ, ಅದರ ಮೇಲೆ ಮುಳುಗಲು ಸೊಂಟಕ್ಕೆ ಸೀಸ. ಕೈಯಲ್ಲಿ ಈಜುವಾಗ ಕಾಲಿಗೆ ಹಾಕುವ ಫಿನ್, ಕುತ್ತಿಗೆಯಲ್ಲಿ ಮಾಸ್ಕ್. ಇಷ್ಟೆಲ್ಲ ಹೇರಿಕೊಂಡು ಮರಳ ಮೇಲೆ ನಡೆಯುವುದಾದರೂ ಸರಿ ಅನ್ನಬಹುದಿತ್ತು, ಬೊನೇರ್‌ನ ದಡದಲ್ಲಿ ಬಹಳ ಕಡೆ ಮರಳಿಲ್ಲ. ಸತ್ತ ಹವಳದ ಚೂರು, ಚೂಪು ಸುಣ್ಣಕಲ್ಲು, ನಡುವೆ ಅಲ್ಲಲ್ಲಿ ಮುಳ್ಳು ಚಾಚಿ ಕೂತ ಸೀ ಅರ್ಚಿನ್ ಅನ್ನುವ ಚೆಂಡಿನಂಥ ಜೀವಿಗಳು. ಕೈಗವಸು ಹಾಕುವ ಹಾಗಿಲ್ಲ, ಹಾಕಿಕೊಂಡರೆ ಹವಳ ಮುಟ್ಟುತ್ತೀರಿ ಅಂತ ಮರೀನ್ ಪಾರ್ಕ್‌ನವರು ನಿಷೇಧಿಸಿದ್ದಾರೆ. ನಿಯಮವೇನೋ ಒಳ್ಳೆಯದೇ. ಆದರೆ ಒಂದು ಕಾಲು ಗಾಳಿಯಲ್ಲಿ, ಇನ್ನೊಂದು ಜಾರುವ ಕಲ್ಲಿನ ಮೇಲೆ ಇದ್ದಾಗ ಹಿಡಿಯಲು ಸಿಗುವುದು ಭಾವ ಒಬ್ಬರೇ, ಅವರೋ ಆಗಲೇ ಶುರು ಮಾಡಿರುತ್ತಾರೆ.

"ಕೊಝುಮೆಲ್‌ನಲ್ಲಿ ಹೀಗಿರಲಿಲ್ಲ. ಅಲ್ಲಿ ದೋಣಿಯವನೇ ಎಲ್ಲ ಜೋಡಿಸಿ ಬೆನ್ನಿಗೆ ಹಾಕ್ತಾನೆ. ನೀರಿಗೆ ಬಿದ್ರೆ ಪ್ರವಾಹವೇ ಎತ್ಕೊಂಡು ಹೋಗುತ್ತೆ, ಕಾಲು ಆಡಿಸೋದೂ ಬೇಡ. ಎದ್ದ ಕಡೆ ದೋಣಿ ಬಂದು ನಿಂತಿರುತ್ತೆ."

ಹೌದು, ನಿಜ. ಕೊಝುಮೆಲ್ ಅಂದರೆ ಡ್ರಿಫ್ಟ್ ಡೈವಿಂಗ್. ಆದರೆ ಇದೇ ಭಾವ ಕೊಝುಮೆಲ್‌ನಿಂದ ಬಂದ ವಾರ ಫೋನಿನಲ್ಲಿ ಏನು ಹೇಳಿದ್ದರು ಗೊತ್ತಾ? "ಏನೂ ನೋಡೋಕೇ ಬಿಡಲ್ಲ ಕಣೋ, ಬಸ್ಸಿನ ಕಿಟಕೀಲಿ ನೋಡಿದ ಹಾಗೆ ಎಲ್ಲ ಹಿಂದೆ ಹೋಗ್ತಾ ಇರುತ್ತೆ. ಗ್ರ್ಯಾಂಡ್ ಕೇಮನ್‌ನಲ್ಲಿ ಆದ್ರೆ ದಡದಲ್ಲೇ ಏಣಿ." ಗ್ರ್ಯಾಂಡ್ ಕೇಮನ್‌ನಲ್ಲಿದ್ದಾಗ ಏನು ಹೇಳಿದ್ದರು ಅಂತ ಅಕ್ಕನಿಗೆ ಗೊತ್ತು. ಅಲ್ಲಿ ಒಂದು ಕೇಮನ್ ಡಾಲರ್‌ಗೆ 1.20 ಅಮೆರಿಕನ್ ಡಾಲರ್ ಕೊಡಬೇಕು. ಭಾವ ಊಟದ ಮೆನು ನೋಡುವಾಗಲೆಲ್ಲ ಗಟ್ಟಿಯಾಗಿ ಗುಣಿಸುತ್ತಾ, ರೊಆಟಾನ್ ಎಷ್ಟು ಅಗ್ಗ ಅಂತ ವೇಟರ್‌ಗೆ ಕೇಳಿಸುವ ಹಾಗೆ ಹೇಳುತ್ತಿದ್ದರಂತೆ.

ಹಡಗಿಗೂ ಮನೆತನ ನೋಡುತ್ತಾರೆ. ಬೊನೇರ್‌ನಲ್ಲಿ ಹಿಲ್ಮಾ ಹೂಕರ್ ಅಂತ 72 ಮೀಟರ್ ಉದ್ದದ ಒಂದು ಹಡಗು 1984ರಲ್ಲಿ ಮುಳುಗಿದೆ. ಅದರೊಳಗೆ ರಾಶಿ ಗಾಂಜಾ ಸಿಕ್ಕಿತ್ತು. ಈಗ 30 ಮೀಟರ್ ಆಳದಲ್ಲಿ ಬಲಮಗ್ಗುಲಿಗೆ ಮಲಗಿದೆ, ದಡದಿಂದಲೇ ಈಜಿಕೊಂಡು ಹೋಗಿ ನೋಡಬಹುದು. ನನಗೆ ಮೈ ಜುಮ್ಮೆಂದಿತು. ಭಾವ ಮೇಲೆ ಬಂದು, ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರ್ ಉಗುಳಿ ಹೇಳಿದ್ದು ಇಷ್ಟು: "ಕೇಮನ್‌ನ ಕಿಟ್ಟಿವೇಕ್ ನೌಕಾಪಡೆ ಹಡಗು. ಇದು ಗಾಂಜಾ ಹಡಗು."

ಇಲ್ಲಿ ಬಾಡಿಗೆ ಪಿಕಪ್ ಕೊಡುವವರು ಒಂದು ವಿಚಿತ್ರ ಬುದ್ಧಿವಾದ ಹೇಳುತ್ತಾರೆ. ಡೈವ್‌ಗೆ ಇಳಿಯುವಾಗ ಗಾಡಿಯಲ್ಲಿ ಏನೂ ಬಿಡಬೇಡಿ, ಕಿಟಕಿ ಇಳಿಸಿಡಿ, ಬಾಗಿಲಿಗೆ ಬೀಗ ಹಾಕಬೇಡಿ. ಬೀಗ ಇದ್ದರೆ ಒಳಗೆ ಏನೋ ಇದೆ ಅಂತ ಕಳ್ಳ ಗಾಜು ಒಡೆಯುತ್ತಾನೆ. ಬೆಂಗಳೂರಿನಲ್ಲಿ ಬೆಳೆದವರಿಗೆ ಇದು ಹೇಗೆ ಸಾಧ್ಯ? ಬೀಗ ಹಾಕಿ, ಹಿಡಿ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುವ ಜಾತಿ ನಾವು. ಒಂದು ಮಧ್ಯಾಹ್ನ ಮೇಲೆ ಬಂದರೆ ಗಾಡಿಯ ಕೆಳಗೆ ಬಿಟ್ಟಿದ್ದ ನನ್ನ ಚಪ್ಪಲಿ ಇಲ್ಲ. ಕಾದ ನೆಲದ ಮೇಲೆ ನಾನು ಕುಣಿಯುತ್ತಿದ್ದರೆ ಭಾವ ಬಾನೆಟ್‌ಗೆ ಒರಗಿಕೊಂಡು, "ಕ್ಯುರಸಾವ್‌ನಲ್ಲಿ ಹೋಗಿದ್ದು ಒಳ್ಳೆ ಕಂಪನಿ ಚಪ್ಪಲಿ" ಅಂದರು. ಕಳ್ಳತನದಲ್ಲೂ ಬೊನೇರ್ ಒಂದು ಕೈ ಕಡಿಮೆಯೇ!

ಇಷ್ಟಾದರೂ ನನಗೊಂದು ಸಮಾಧಾನ ಇತ್ತು. ನೀರೊಳಗೆ ಯಾರೂ ಮಾತಾಡುವ ಹಾಗಿಲ್ಲ. ಬಾಯಲ್ಲಿ ರೆಗ್ಯುಲೇಟರ್, ಕಿವಿಗೆ ನಮ್ಮದೇ ಉಸಿರಿನ ಸದ್ದು. ಬೆಳಗಿಂದ ಸಂಜೆವರೆಗೆ ಮೀಟಿಂಗಿನಲ್ಲಿ ಮಾತು ಕೇಳಿ ಸಾಕಾದವರು ಇಷ್ಟೊಂದು ದುಡ್ಡು ಸುರಿದು ಸಮುದ್ರದ ತಳಕ್ಕೆ ಹೋಗುವುದೇ ಇದಕ್ಕೆ ಅಂತ ನನ್ನ ಅನುಮಾನ, ಮೀನು ಸುಮ್ನೆ ನೆಪ. ಆದರೆ ಈ ಸಲ ಭಾವ ಒಂದು ಸ್ಲೇಟ್ ಕೊಂಡು ತಂದಿದ್ದರು. ನೀರಿನಲ್ಲಿ ಬರೆಯುವ ಬಿಳಿ ಪ್ಲಾಸ್ಟಿಕ್ ಹಲಗೆ, ದಾರಕ್ಕೆ ಕಟ್ಟಿದ ಪೆನ್ಸಿಲ್. ತುರ್ತು ವಿಷಯ ತಿಳಿಸಲು ಮಾಡಿದ್ದು ಅದು. ಗಾಳಿ ಕಡಿಮೆ ಇದೆ, ದಾರಿ ತಪ್ಪಿದೆ, ಇಂಥದ್ದಕ್ಕೆ.

ದಕ್ಷಿಣದಲ್ಲಿ ಉಪ್ಪು ತುಂಬುವ ಕಟ್ಟೆಯ ಕೆಳಗೆ, ಸಾಲ್ಟ್ ಪಿಯರ್ ಅನ್ನುವ ಜಾಗದಲ್ಲಿ ಇಳಿದಿದ್ದೆವು. ಮೇಲೆ ದಡದಲ್ಲಿ ಬಿಳಿ ಉಪ್ಪಿನ ಗುಡ್ಡಗಳು, ಕೆಳಗೆ ಸ್ಪಂಜು ಹಬ್ಬಿದ ಕಂಬಗಳು, ಕಂಬದ ಸಂದಿನಿಂದ ಇಳಿಯುವ ಬಿಸಿಲಿನ ಪಟ್ಟೆಗಳಲ್ಲಿ ಗುಂಪುಗುಂಪು ಮೀನು. ಹಡಗು ಬಂದು ನಿಂತಿದ್ದರೆ ಇಳಿಯಲು ಬಿಡುವುದಿಲ್ಲ, ನಮ್ಮ ಅದೃಷ್ಟ, ಅವತ್ತು ಹಡಗಿರಲಿಲ್ಲ. ಒಂದು ಆಮೆ ನಿಧಾನಕ್ಕೆ, ನಮ್ಮನ್ನು ಲೆಕ್ಕಕ್ಕೇ ಇಡದೆ, ಎರಡು ಮೀಟರ್ ದೂರದಲ್ಲಿ ಹಾದು ಹೋಗುತ್ತಿತ್ತು. ನಾನು ತಿರುಗಿ ಭಾವನಿಗೆ ತೋರಿಸಿದೆ. ಭಾವ ಬರೆಯುತ್ತಿದ್ದರು.

ಬರೆಯುವುದು ಕನ್ನಡದಲ್ಲಿ. ಅದೂ ಪೂರ್ತಿ ವಾಕ್ಯ. ಬರೆಯುವಾಗ ಅವರಿಗೆ ಉಸಿರು ಬಿಗಿಹಿಡಿಯುವ ಅಭ್ಯಾಸ, ಚೆಕ್ಕಿಗೆ ಸಹಿ ಹಾಕುವಾಗಲೂ ಹಿಡಿಯುತ್ತಾರೆ. ಸ್ಕೂಬಾದಲ್ಲಿ ಮೊದಲ ಪಾಠವೇ ಉಸಿರು ಹಿಡಿಯಬೇಡಿ ಅನ್ನುವುದು. ಎದೆ ತುಂಬಿ ನಿಂತರೆ ಮನುಷ್ಯ ಮೇಲೇಳುತ್ತಾನೆ, ಬಿಟ್ಟರೆ ಇಳಿಯುತ್ತಾನೆ. ಹೀಗಾಗಿ ಭಾವ ಒತ್ತಕ್ಷರ ಬರೆಯುವಾಗ ಮೆಲ್ಲಗೆ ಮೇಲೇರುವುದು, ಪೂರ್ಣವಿರಾಮ ಇಟ್ಟ ಕೂಡಲೇ ಬುಸ್ಸೆಂದು ಗುಳ್ಳೆ ಬಿಟ್ಟು ಕೆಳಗಿಳಿಯುವುದು. ನಾನು ಸ್ಲೇಟಿನ ಜೊತೆ ಕತ್ತು ಮೇಲೆ ಕೆಳಗೆ ಮಾಡುತ್ತಾ ಓದಬೇಕು. 'ಕೊಝುಮೆಲ್ ಆಮೆ ಇದಕ್ಕಿಂತ' ಅನ್ನುವಷ್ಟರಲ್ಲಿ ಹಲಗೆ ಮುಗಿದಿತ್ತು. ಅಳಿಸಿದರು. ಮತ್ತೆ ಶುರು, ಸಣ್ಣ ಅಕ್ಷರದಲ್ಲಿ. ಅಷ್ಟರಲ್ಲಿ ಬೊನೇರ್ ಆಮೆ ಕಂಬದಾಚೆ ಹೋಗಿಯೇ ಬಿಟ್ಟಿತು.

ಈ ಏಳುಬೀಳು ನೋಡಿ ದೂರದಲ್ಲಿದ್ದ ಡೈವರ್ ದಂಪತಿಗೆ ಗಾಬರಿಯಾಗಿರಬೇಕು. ಈಜಿಕೊಂಡು ಬಂದು, ಬೆರಳು ಸುತ್ತಿ 'ಸರಿ ಇದ್ದೀರಾ?' ಅನ್ನುವ ಸನ್ನೆ ಮಾಡಿದರು. ಭಾವ ಉತ್ತರವಾಗಿ ಸ್ಲೇಟ್ ತೋರಿಸಿದರು. ಆ ಹೆಂಗಸು ಸ್ಲೇಟ್ ತೆಗೆದುಕೊಂಡು ನೋಡಿದರು, ತಿರುಗಿಸಿ ನೋಡಿದರು, ಗಂಡನಿಗೆ ಕೊಟ್ಟರು. ಗಂಡ ಬಹಳ ಹೊತ್ತು, ನಿಜವಾಗಿ ಓದುವವರ ಹಾಗೆ ನೋಡಿ, ಗಂಭೀರವಾಗಿ ತಲೆ ಆಡಿಸಿ, ತನ್ನ ಗಾಳಿಯ ಗೇಜ್ ತೆಗೆದು ಭಾವನಿಗೆ ತೋರಿಸಿದರು. ಭಾವ ತಮ್ಮದನ್ನು ತೋರಿಸಿದರು. ಕೊಝುಮೆಲ್‌ನ ಆಮೆ ಎಷ್ಟು ದೊಡ್ಡದು ಅಂತ ಕಂಬಗಳ ನಡುವೆ ನಾಲ್ಕು ಜನ ಗೇಜ್ ಹಿಡಿದು ತೇಲುತ್ತಿದ್ದೆವು. ನನ್ನ ಮಾಸ್ಕಿನೊಳಗೆ ನಗುವಿಗೆ ನೀರು ನುಗ್ಗಿತು.

ಅಂದ ಹಾಗೆ, ನೀರೊಳಗೆ ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಅಂತ ಅರ್ಥ. ಹೊಸಬರು 'ಚೆನ್ನಾಗಿದೆ' ಅನ್ನಲು ಅದನ್ನೇ ಎತ್ತಿ ಫಜೀತಿ ಮಾಡಿಕೊಳ್ಳುತ್ತಾರೆ. ಭಾವನಿಂದ ಆ ತಪ್ಪು ಯಾವತ್ತೂ ಆಗಿಲ್ಲ. ಅವರಿಗೆ ಏನಾದರೂ ಚೆನ್ನಾಗಿ ಕಂಡಿದ್ದರೆ ತಾನೇ.

ಒಂದು ಸಲ ಮಾತ್ರ ಅವರ ಸ್ಲೇಟ್ ನೋಡಿ ಸಿಟ್ಟು ಬರಲಿಲ್ಲ. ಒಂದು ಮೀಟರ್ ಅಗಲದ, ಮಿದುಳಿನ ಹಾಗೆ ಕಾಣುವ ಬ್ರೈನ್ ಕೋರಲ್ ಮುಂದೆ ನಿಂತಿದ್ದೆವು. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಹವಳ ಅದು, ಅಷ್ಟು ಅಗಲ ಆಗಬೇಕಾದರೆ ನಮ್ಮ ತಾತಂದಿರ ಕಾಲಕ್ಕೂ ಮುಂಚೆ ಶುರುವಾಗಿರಬೇಕು. ಅದರ ಮೇಲೆ ಬಣ್ಣವೇ ಇರಲಿಲ್ಲ, ಬೂದು ಪಾಚಿ ಹತ್ತಿತ್ತು. ಭಾವ ಬೊನೇರ್‌ಗೆ ಹಿಂದೊಮ್ಮೆ ಬಂದಿದ್ದರಂತೆ, ರೋಗ ಬರುವ ಮುಂಚೆ, ಅದನ್ನು ನನಗೆ ಹೇಳಿಯೇ ಇರಲಿಲ್ಲ. ಹವಳದ ಅಂಗಾಂಶವನ್ನೇ ಕೊಳೆಸಿಬಿಡುವ ರೋಗ ಅದು. 2014ರಲ್ಲಿ ಫ್ಲೋರಿಡಾದಲ್ಲಿ ಕಂಡಿತು, 2018ರಲ್ಲಿ ಮೆಕ್ಸಿಕೋದ ಕಡೆಗೆ, 2020ರಲ್ಲಿ ಗ್ರ್ಯಾಂಡ್ ಕೇಮನ್‌ಗೆ, 2023ರಲ್ಲಿ ಬೊನೇರ್‌ಗೆ. ಹೆಚ್ಚುಕಡಿಮೆ ಭಾವ ಸುತ್ತಿದ ಊರುಗಳನ್ನೇ ಅದೂ ಸುತ್ತಿದೆ. ಸ್ಲೇಟಿನ ಮೇಲೆ ಅವರು ಬರೆದದ್ದು ಎರಡೇ ಪದ: 'ಇದು ಇತ್ತು.' ಆ ಡೈವ್‌ನಲ್ಲಿ ಮತ್ತೇನೂ ಬರೆಯಲಿಲ್ಲ. ಮೇಲೆ ಬಂದ ಮೇಲೆ, ಬೇರೆ ಕಡೆಗೆ ಸೋಂಕು ಒಯ್ಯಬಾರದು ಅಂತ ವೆಟ್‌ಸೂಟು, ಫಿನ್ನು ಎಲ್ಲ ಔಷಧಿ ನೀರಿನಲ್ಲಿ ಅದ್ದಿ ತೊಳೆದೆವು. ಭಾವ ನನ್ನದನ್ನೂ ತೊಳೆದರು.

ರಾತ್ರಿ ಊಟಕ್ಕೆ ಬರುವಷ್ಟರಲ್ಲಿ ಸರಿಹೋಗಿದ್ದರು. ಮೀನು ರೊಆಟಾನ್‌ನಷ್ಟು ತಾಜಾ ಇರಲಿಲ್ಲವಂತೆ.

ಮಾರನೆಯ ದಿನ ಥೌಸಂಡ್ ಸ್ಟೆಪ್ಸ್. ಹೆಸರು ಸಾವಿರ ಮೆಟ್ಟಿಲು, ಇರುವುದು 70ರ ಆಸುಪಾಸು. ಸಿಲಿಂಡರ್ ಹೊತ್ತು ಹತ್ತುವಾಗ ಹೆಸರಿಟ್ಟವರ ಮೇಲೆ ಯಾರೂ ಕೇಸು ಹಾಕುವುದಿಲ್ಲ. ಭಾವ ಮಾತ್ರ ಮೇಲೆ ಬಂದು ಏದುಸಿರು ಬಿಡುತ್ತಾ "ಕ್ಯುರಸಾವ್‌ನಲ್ಲಿ..." ಅಂದರು, ಮುಂದಿನದು ಉಸಿರು ಸಾಲದೆ ನಿಂತಿತು. ನನಗೆ ಆ ಮೆಟ್ಟಿಲ ಮೇಲೆ ಬಹಳ ಪ್ರೀತಿ ಬಂತು.

ವಿಮಾನ ಹತ್ತುವ ಮುಂಚೆ 18 ಗಂಟೆ ಡೈವ್ ಮಾಡಬಾರದು, ರಕ್ತದಲ್ಲಿ ಉಳಿದ ಸಾರಜನಕ ಗುಳ್ಳೆ ಕಟ್ಟುವ ಅಪಾಯ ಇದೆ. ಹಾಗಾಗಿ ಕೊನೆಯ ದಿನ ಎಲ್ಲರೂ ನೆಲದ ಮೇಲೆ. ಬಾಯಲ್ಲಿ ರೆಗ್ಯುಲೇಟರ್ ಇಲ್ಲದ ಭಾವನ ಜೊತೆ ಒಂದು ಇಡೀ ದಿನ! ಉಪ್ಪಿನ ಬಯಲಿನಲ್ಲಿ ಗುಲಾಬಿ ಫ್ಲೆಮಿಂಗೋಗಳನ್ನು ನೋಡಿ ಬಂದೆವು (ಇನ್ನೂ ಗುಲಾಬಿ ಇರಬೇಕಿತ್ತಂತೆ), ಕತ್ತೆಗಳನ್ನು ನೋಡಿದೆವು (ಏನೂ ಹೇಳಲಿಲ್ಲ, ಹೋಲಿಸಲು ಬೇರೆ ಕತ್ತೆ ಸಿಕ್ಕಿರಲಿಕ್ಕಿಲ್ಲ). ಆಮೇಲೆ ಹೋಟೆಲಿನ ನೆರಳಲ್ಲಿ ಕೂತು ಲ್ಯಾಪ್‌ಟಾಪ್ ತೆಗೆದು ತಮ್ಮ ಪಟ್ಟಿ ತೋರಿಸಿದರು. ಎಲ್ಲ ಊರಿಗೂ ಹತ್ತಕ್ಕೆ ಇಷ್ಟು ಅಂತ ಅಂಕ. ಹವಳ, ಮೀನು, ನೀರಿನ ತಿಳಿ, ದಡ, ಊಟ, ಪಾರ್ಕಿಂಗ್. ಕೊನೆಯ ಕಾಲಂ ಬಡ್ಡಿ, ಅಂದರೆ ಜೊತೆಗೆ ಬಂದ ಡೈವರ್. ಬೊನೇರ್ ಸಾಲಿನಲ್ಲಿ ಅಲ್ಲಿ 6 ಅಂತ ಇತ್ತು.

"ಯಾಕೆ ಭಾವ, ಆರು?"

"ಸ್ಲೇಟ್ ಸರಿಯಾಗಿ ಓದಲ್ಲ ನೀನು."

ಪಾರ್ಕಿಂಗ್‌ಗೆ 8 ಕೊಟ್ಟಿದ್ದಾರೆ.