ದುಡ್ಡು ಕೊಟ್ಟು ನಿಲ್ಲುವ ಕ್ಯೂ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದ ಕನ್ನಡದ ಅಪ್ಪ ಅಮ್ಮಂದಿರಿಗೆ ಮೂರು ದರ್ಶನ ಕಡ್ಡಾಯ. ನಯಾಗರ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿ, ಆಮೇಲೆ ಫ್ಲಾರಿಡಾದ ಡಿಸ್ನಿ ವರ್ಲ್ಡ್. ಮೊದಲನೆಯದರಲ್ಲಿ ನೀರು ಬೀಳುತ್ತಿರುತ್ತದೆ. ಎರಡನೆಯದರಲ್ಲಿ ದೇವಿ ನಿಂತಿರುತ್ತಾಳೆ. ಮೂರನೆಯದರಲ್ಲಿ ನಾವೇ ನಿಂತಿರುತ್ತೇವೆ.

ಹಾಗೆ ನಿಲ್ಲುವುದಕ್ಕೆ ಟಿಕೆಟ್ ಬೇರೆ. ಅಲ್ಲಿ ರೈಡುಗಳ, ಅಂದರೆ ಆಟದ ಸವಾರಿಗಳ, ನಾಲ್ಕು ಪಾರ್ಕುಗಳಿವೆ. ಅದರಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಒಂದಕ್ಕೇ, ಕ್ರಿಸ್‌ಮಸ್ ರಜೆಯಂಥ ಸಮಯದಲ್ಲಿ ಒಂದು ದಿನಕ್ಕೆ ತಲೆಗೆ 200 ಡಾಲರಿನ ಆಸುಪಾಸು. 1971ರ ಅಕ್ಟೋಬರಿನಲ್ಲಿ ಬಾಗಿಲು ತೆರೆದಾಗ ಒಳಗೆ ಬಿಡಲು ಮೂರೂವರೆ ಡಾಲರ್ ತೆಗೆದುಕೊಳ್ಳುತ್ತಿದ್ದರಂತೆ ಎಂದು ನಮ್ಮಪ್ಪನಿಗೆ ಹೇಳಿದೆ. "ಆಗಲೇ ಬಂದುಬಿಡಬೇಕಿತ್ತು" ಎಂದರು. 1971ರಲ್ಲಿ ಅವರು ಶಿವಮೊಗ್ಗದಾಚೆಗೆ ಹೋದವರಲ್ಲ.

ವಯಸ್ಸಿನ ಲೆಕ್ಕ ಇನ್ನೂ ಸೊಗಸು. ಮೂರು ವರ್ಷ ತುಂಬದ ಮಗುವಿಗೆ ಟಿಕೆಟ್ ಇಲ್ಲ. ಹತ್ತು ತುಂಬಿತೋ, ಅದು ವಯಸ್ಕ! ಮತದಾನಕ್ಕಿಲ್ಲ, ಡ್ರೈವಿಂಗ್ ಲೈಸೆನ್ಸಿಗಿಲ್ಲ, ಬಿಲ್ಲಿಗೆ ಮಾತ್ರ ದೊಡ್ಡವನು. ಒಳಗೆ ಹೋದ ಮೇಲೆ ಲೆಕ್ಕ ತಿರುಗುಮುರುಗು. ಸ್ಪೇಸ್ ಮೌಂಟನ್ ಎಂಬ ರೈಡು ಹತ್ತಲು 44 ಇಂಚು ಎತ್ತರ ಬೇಕು, ಟ್ರಾನ್ ಹತ್ತಲು 48. ಗೇಟಿನಲ್ಲಿ "ಇವನಿನ್ನೂ ಚಿಕ್ಕವನು" ಎಂದು ಕಂಕುಳಲ್ಲಿ ಹಿಡಿದುಕೊಳ್ಳಬೇಕು. ರೈಡಿನ ಮುಂದೆ ದಪ್ಪ ಅಟ್ಟೆಯ ಶೂ ಹಾಕಿಸಿ "ನೆಟ್ಟಗೆ ನಿಲ್ಲೋ" ಎಂದು ಗದರಬೇಕು.

ಕ್ಯೂ ಕಟ್ಟುವುದರಲ್ಲಿ ಡಿಸ್ನಿಯವರನ್ನು ಮೀರಿಸುವವರಿಲ್ಲ. ಸಾಲನ್ನು ನೆಟ್ಟಗೆ ಬಿಟ್ಟರೆ ಅದರ ಉದ್ದ ಕಣ್ಣಿಗೆ ಬಿದ್ದು ಜನ ವಾಪಸ್ ಹೋಗಿಬಿಡುತ್ತಾರೆ. ಅದಕ್ಕೇ ಮಡಚಿ ಮಡಚಿ, ಗೋಡೆಯ ಹಿಂದೆ ತಿರುಗಿಸಿ, ಕತ್ತಲ ಕೋಣೆಯೊಳಗೆ ನುಗ್ಗಿಸಿ ಬಚ್ಚಿಡುತ್ತಾರೆ. ಒಂದು ಬಾಗಿಲು ಕಾಣುತ್ತದೆ. "ಬಂತು, ಬಂತು" ಎಂದು ಬ್ಯಾಗು ಹೆಗಲಿಗೇರಿಸುತ್ತೇವೆ. ಬಾಗಿಲಾಚೆ ಇನ್ನೊಂದು ಹಾಲ್, ಅದರಲ್ಲಿ ಇನ್ನಷ್ಟು ಮಡಿಕೆ. ಈಗ ಬಿಟ್ಟು ಹೋಗುವ ಹಾಗೂ ಇಲ್ಲ. ಇಷ್ಟು ಹೊತ್ತು ನಿಂತದ್ದು ದಂಡವಾಗುತ್ತದಲ್ಲ!

ಹಾರುವ ಹುಡುಗ ಪೀಟರ್ ಪ್ಯಾನನ ಕಥೆಯ ರೈಡನ್ನೇ ತೆಗೆದುಕೊಳ್ಳಿ. ಸವಾರಿ ಮೂರು ನಿಮಿಷ ತುಂಬುವುದಿಲ್ಲ. ಅದಕ್ಕೆ ಒಂದು ಗಂಟೆ ಕಾಯುವುದು ಮಾಮೂಲು. ಪಾಪ, ಬೇಜಾರಾಗಬಾರದೆಂದು ದಾರಿಯಲ್ಲೇ ಕಥೆಯ ಮಕ್ಕಳ ಕೋಣೆಯನ್ನು ಕಟ್ಟಿಟ್ಟಿದ್ದಾರೆ. ಗೋಡೆಯ ಮೇಲೆ ನಮ್ಮ ನೆರಳು ಬಿದ್ದರೆ ಚಿಟ್ಟೆಯ ನೆರಳು ಹಾರಿಬಂದು ಅದರ ಮೇಲೆ ಕೂರುತ್ತದೆ. ನಿಜಕ್ಕೂ ಚೆನ್ನಾಗಿದೆ, ಸುಮ್ನೆ ಹೇಳಬಾರದು. ಡಂಬೊ ಆನೆಯ ರೈಡಿಗಂತೂ ಕಾಯುವ ಟೆಂಟಿನೊಳಗೇ ಜಾರುಬಂಡಿ ಇಟ್ಟಿದ್ದಾರೆ. ಸರದಿ ಬಂದಾಗ ಜಾರುಬಂಡಿ ಬಿಟ್ಟು ಬರಲೊಲ್ಲೆ ಎಂದು ಅಳುವ ಮಗುವನ್ನು ಎಳೆದುಕೊಂಡು ಹೋಗಿ ಆನೆಯ ಮೇಲೆ ಕೂರಿಸುವ ಅಪ್ಪಂದಿರನ್ನು ನೋಡಬೇಕು. ಜಾರುಬಂಡಿ ನಮ್ಮ ಬಡಾವಣೆಯ ಪಾರ್ಕಿನಲ್ಲೂ ಇದೆ. ಅಲ್ಲಿ ಟಿಕೆಟ್ ಇಲ್ಲ, ಹಾಗಾಗಿ ಗೌರವವೂ ಇಲ್ಲ.

ಈಗ ವ್ಯಾಪಾರದ ಬುದ್ಧಿಗೆ ಬರೋಣ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ದೊಡ್ಡವರಿಗೆ ಪ್ರವೇಶ ಒಂದು ಡಾಲರ್, ರೈಡಿಗೆ ಬೇರೆ ದುಡ್ಡು. ಎ, ಬಿ, ಸಿ ಎಂದು ಕೂಪನ್ ಪುಸ್ತಕ. ಒಳ್ಳೆಯ ರೈಡಿಗೆಲ್ಲ 1959ರಿಂದ ಇ ಕೂಪನ್. 1982ರಲ್ಲಿ ಕೂಪನ್ ಕಿತ್ತುಹಾಕಿ ಒಂದೇ ಟಿಕೆಟ್ ಮಾಡಿದರು. ಜನ ಖುಷಿಪಟ್ಟರು, ಎಲ್ಲರೂ ಎಲ್ಲದಕ್ಕೂ ಸಾಲು ನಿಂತರು. 1999ರಲ್ಲಿ ಫಾಸ್ಟ್‌ಪಾಸ್ ಬಂತು. ಚೀಟಿ ತೆಗೆದುಕೊಂಡು ಹೇಳಿದ ಹೊತ್ತಿಗೆ ಬಂದರೆ ಬೇಗ ಒಳಗೆ. ಪುಕ್ಕಟೆ! ಪುಕ್ಕಟೆ ಕೊಟ್ಟದ್ದಕ್ಕೆ ಜನ ಇಷ್ಟು ಮುಗಿಬೀಳುತ್ತಾರಾದರೆ ಮಾರಬಾರದೇಕೆ ಎಂದು ಯಾರಿಗೋ ಹೊಳೆದಿರಬೇಕು. 2021ರಲ್ಲಿ ಅದಕ್ಕೆ ಫ್ಲಾರಿಡಾದಲ್ಲಿ ತಲೆಗೆ ದಿನಕ್ಕೆ 15 ಡಾಲರ್ ಬೆಲೆ ಬಿತ್ತು. ಕೆಲವು ರೈಡಿಗೆ ಅದೂ ಸಾಲದು, ಒಂದೊಂದಕ್ಕೂ ಬೇರೆ ಬೇರೆ ಕೊಡಬೇಕು. ಅಲ್ಲಿಗೆ ಸುತ್ತಿ ಬಳಸಿ ಮತ್ತೆ ಕೂಪನ್ ಪುಸ್ತಕದ ಹತ್ತಿರವೇ ಬಂದೆವು. ಒಂದೇ ವ್ಯತ್ಯಾಸ. ಆಗ ಪ್ರವೇಶ ಒಂದು ಡಾಲರ್ ಇತ್ತು.

2024ರ ಕೊನೆಗೆ ಪ್ರೀಮಿಯರ್ ಪಾಸ್ ಎಂಬುದೂ ಬಂತು. ಹೊತ್ತುಗೊತ್ತಿನ ಹಂಗಿಲ್ಲದೆ ಬೇಗದ ದಾರಿಗಳಲ್ಲೆಲ್ಲ ಒಂದೊಂದು ಸಲ ನುಗ್ಗಬಹುದು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಜನ ಜಾಸ್ತಿ ಇರುವ ದಿನ ತಲೆಗೆ 449 ಡಾಲರ್ ಎಂದು ಬೆಲೆ ಕಟ್ಟಿದರು. ನಾಲ್ಕು ಜನಕ್ಕೆ ಒಂದೂವರೆ ಲಕ್ಷ ರೂಪಾಯಿ ದಾಟುತ್ತದೆ. ಇದು ಪ್ರವೇಶದ ಟಿಕೆಟ್ ಬಿಟ್ಟು. ಅದೂ ಸಣ್ಣದೆನ್ನುವವರಿಗೆ ಗಂಟೆ ಲೆಕ್ಕದಲ್ಲಿ ವಿಐಪಿ ಗೈಡ್ ಸಿಗುತ್ತಾರೆ, ಕನಿಷ್ಠ ಏಳು ಗಂಟೆ. ಇದಕ್ಕೆಲ್ಲ ನಮ್ಮಮ್ಮ ಮಾತ್ರ ಒಂಚೂರೂ ಬೆರಗಾಗಲಿಲ್ಲ. "ತಿರುಪತಿಯಲ್ಲಿ ಮುನ್ನೂರು ರೂಪಾಯಿ ದರ್ಶನ ಇಲ್ವಾ, ಅದೇ ಇದು" ಎಂದರು. ತುಸು ಹೊತ್ತು ಬಿಟ್ಟು, "ಅಲ್ಲಿ ಲಡ್ಡು ಕೊಡ್ತಾರೆ" ಎಂದು ಸೇರಿಸಿದರು.

ಕ್ಯೂ ತಪ್ಪಿಸಲು ಮನುಷ್ಯ ಏನೇನು ಮಾಡಬಲ್ಲ ಎಂಬುದಕ್ಕೂ ದಾಖಲೆಯಿದೆ. ಅಂಗವಿಕಲರಿಗೂ ಅವರ ಜೊತೆಗಿದ್ದವರಿಗೂ ಬೇರೆ ದಾರಿಯಲ್ಲಿ ಬಿಡುತ್ತಿದ್ದ ಕಾಲದಲ್ಲಿ, ನ್ಯೂಯಾರ್ಕಿನ ಕೆಲವು ಸಿರಿವಂತರು ಅಂಗವಿಕಲರನ್ನು ಗಂಟೆ ಬಾಡಿಗೆಗೆ ಹಿಡಿದು 'ನಮ್ಮ ಮನೆಯವರು' ಎಂದು ಕರೆದೊಯ್ಯುತ್ತಿದ್ದರೆಂದು 2013ರಲ್ಲಿ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷ ಆ ಪದ್ಧತಿಯನ್ನೇ ಬದಲಿಸಿದರು.

ನಮ್ಮ ಐಟಿ ಮಂದಿ ಅಂಥ ಕೆಲಸ ಮಾಡುವುದಿಲ್ಲ. ಅವರದು ಎಕ್ಸೆಲ್ ಶೀಟು. ಫಾಸ್ಟ್‌ಪಾಸಿನ ಜಾಗಕ್ಕೆ ಬಂದ ದುಡ್ಡಿನ ಪಾಸ್ ಖರೀದಿಸಿ ಹೊತ್ತು ಗೊತ್ತು ಮಾಡಿಕೊಳ್ಳುವ ಬಾಗಿಲು ಡಿಸ್ನಿ ಹೋಟೆಲಲ್ಲಿ ಉಳಿಯುವವರಿಗೆ ಏಳು ದಿನ ಮೊದಲು ತೆರೆಯುತ್ತದೆ, ಉಳಿದವರಿಗೆ ಮೂರು ದಿನ ಮೊದಲು, ಬೆಳಿಗ್ಗೆ 7ಕ್ಕೆ. ಅಲ್ಲಿಯ 7 ಎಂದರೆ ಕ್ಯಾಲಿಫೋರ್ನಿಯಾದ ಕನ್ನಡಿಗನಿಗೆ ನಸುಕಿನ 4. ಆಫೀಸಿನ ಮೀಟಿಂಗಿಗೆ ಎಂದೂ ಹೊತ್ತಿಗೆ ಸರಿಯಾಗಿ ಬಾರದ ಆಸಾಮಿ ಅವತ್ತು ಗಂಡನದೊಂದು, ಹೆಂಡತಿಯದೊಂದು ಎಂದು ಎರಡು ಫೋನ್ ಹಿಡಿದು ಹಾಸಿಗೆಯ ಮೇಲೆ ಕೂತಿರುತ್ತಾನೆ. ಪಾರ್ಕಿನಲ್ಲೂ ಅಷ್ಟೇ. ಕೋಟೆ, ಮೆರವಣಿಗೆ, ಮಿಕ್ಕಿ ಮೌಸ್ ಯಾವುದನ್ನೂ ನೋಡುವುದಿಲ್ಲ. ಆಪ್ ನೋಡುತ್ತಿರುತ್ತಾನೆ. "ಓಡಿ, 2.40ಕ್ಕೆ ಜಂಗಲ್ ಕ್ರೂಸ್!" ಎಂದು ಅರಚುತ್ತಾನೆ. ಮಂಡಿನೋವಿನ ಅತ್ತೆ ಓಡಬೇಕು.

ಊಟದ ವಿಷಯದಲ್ಲಿ ಮಾತ್ರ ನಾವು ಸೋಲುವವರಲ್ಲ. ಅಲ್ಲಿ ಮನೆಯ ತಿಂಡಿ ಒಳಗೆ ಬಿಡುತ್ತಾರೆ. ಗಾಜು, ಮದ್ಯ, ಬಿಸಿ ಮಾಡಬೇಕಾದ್ದು ಇರಬಾರದು, ಅಷ್ಟೇ. ಪುಳಿಯೋಗರೆಯನ್ನು ಬಿಸಿ ಮಾಡುವವರು ಯಾರು? ಸಿಂಡ್ರೆಲಾ ಕೋಟೆಯ ಎದುರಿನ ಕಟ್ಟೆಯ ಮೇಲೆ ಜಿಪ್‌ಲಾಕ್ ಬಿಚ್ಚಿದರೆ ಇಂಗಿನ ಘಮಕ್ಕೆ ರಾಜಕುಮಾರಿಯೂ ಒಮ್ಮೆ ತಿರುಗಿ ನೋಡಬೇಕು. ಅಲ್ಲಿ ಉಳಿಸಿದ ದುಡ್ಡೆಲ್ಲ ಸಂಜೆ ಎರಡು ಮಿಕ್ಕಿ ಕಿವಿಗಳಿಗೆ ಹೋಗುತ್ತದೆ. ಮನೆಗೆ ಬಂದ ಮೇಲೆ ಆ ಕಿವಿ ಯಾರ ತಲೆಯ ಮೇಲೂ ಕೂರುವುದಿಲ್ಲ.

ರಾತ್ರಿ ಪಟಾಕಿ ಮುಗಿಯುತ್ತದೆ. ಹೊರಗೆ ಹೋಗುವ ಮಾನೋರೈಲಿಗೂ ಕ್ಯೂ. ಇದಕ್ಕೆ ಪಾಸ್ ಇಲ್ಲ, ಹಾಗಾಗಿ ಇಡೀ ದಿನದಲ್ಲಿ ಸಮಾನತೆ ಕಂಡದ್ದು ಇಲ್ಲೇ. ನಿಂತಲ್ಲೇ ಫೋಟೋಗಳನ್ನು ಫ್ಯಾಮಿಲಿ ಗ್ರೂಪಿಗೆ ಹಾಕುತ್ತೇವೆ. ಕೋಟೆ, ಮಿಕ್ಕಿ, ಎಲ್ಲರ ಹಲ್ಲು. ಹಿಂದಿದ್ದ ಜನರನ್ನೆಲ್ಲ ಕತ್ತರಿಸಿ ಆಗಿರುತ್ತದೆ. ದಾವಣಗೆರೆಯಿಂದ ಚಿಕ್ಕಮ್ಮನ ಮಗ ತಕ್ಷಣ ಕೇಳುತ್ತಾನೆ, "ಮುಂದಿನ ಬೇಸಿಗೆಗೆ ನಾವೂ ಬರ್ತಿದ್ದೀವಿ. ತುಂಬಾ ರಶ್ಶಾ ಅಲ್ಲಿ?"

"ಏ, ಅಷ್ಟೇನಿಲ್ಲಪ್ಪ. ಬಾ" ಎಂದು ಟೈಪ್ ಮಾಡಿ ಎರಡು ಹೆಜ್ಜೆ ಮುಂದೆ ಸರಿಯುತ್ತೇವೆ.