ಯುಟಿಎಫ್8 ಅಂದರೆ ಯುಟಿಎಫ್-8 ಅಲ್ಲವಂತೆ!

ಈ ಡೇಟಾಬೇಸ್ ಮಾಡಿದವರಿಗೆ ಹೆಸರಿಡಲು ಬರದಿದ್ದರೆ ಸುಮ್ನೆ ಇರಬೇಕಿತ್ತು. ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರ್‌ನಲ್ಲಿ ಬೈಟ್‌ಗಳಾಗಿ ಬರೆದಿಡುವ ಪದ್ಧತಿ, ಅಂದರೆ ಎನ್‌ಕೋಡಿಂಗ್, ಈ ಯುಟಿಎಫ್-8. ಅದು ಇರುವುದು ಒಂದೇ. ಅದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರೂ ಹೋಗಲಿ ಅನ್ನಬಹುದಿತ್ತು. ಆದರೆ ಅದೇ ಹೆಸರನ್ನು ತಂದು ಬೇರೆ ಯಾವುದಕ್ಕೋ ಅಂಟಿಸಿದ್ದಾರಲ್ಲ, ಅವರಿಗೆ ಏನು ಹೇಳೋಣ?

ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್‌ನ 'ಯುಟಿಎಫ್8' ನೋಡಿ. ಒಂದು ಅಕ್ಷರಕ್ಕೆ 3 ಬೈಟ್‌ಗಿಂತ ಜಾಸ್ತಿ ಕೊಡುವುದಿಲ್ಲ. ನಿಜವಾದ ಯುಟಿಎಫ್-8ಕ್ಕೆ 4 ಬೈಟ್‌ವರೆಗೂ ಬೇಕು. ಕನ್ನಡ ಅಕ್ಷರಗಳು 3 ಬೈಟ್‌ನಲ್ಲೇ ಹಿಡಿಸುತ್ತವೆ, ಹಾಗಾಗಿ ಟೆಸ್ಟಿಂಗ್‌ನಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಆಮೇಲೆ ಯಾರೋ ಪುಣ್ಯಾತ್ಮ ವಾಕ್ಯದ ಮಧ್ಯೆ ಒಂದು ನಗುವ ಇಮೋಜಿ ಹಾಕುತ್ತಾನೆ. ತಪ್ಪು ಡೇಟಾವನ್ನು ತಡೆಯುವ ಸ್ಟ್ರಿಕ್ಟ್ ಮೋಡ್ ಇದ್ದರೆ ಎರರ್ ಬರುತ್ತದೆ, ಅದು ನಮ್ಮ ಅದೃಷ್ಟ. ಇಲ್ಲದಿದ್ದರೆ ಕೆಲವು ಸೆಟ್ಟಿಂಗ್‌ನಲ್ಲಿ ಇಮೋಜಿಯಿಂದ ಮುಂದಿನದೆಲ್ಲ ಮಾಯ, ಯಾರೂ ಓದದ ಒಂದು ವಾರ್ನಿಂಗ್ ಬಿಟ್ಟರೆ ಕಮಕ್ ಕಿಮಕ್ ಅನ್ನುವುದಿಲ್ಲ. ಸರಿಯಾದದ್ದು ಬೇಕಾದರೆ 'ಯುಟಿಎಫ್8ಎಂಬಿ4' ಅಂತ ಬರೆಯಬೇಕಂತೆ! ಅದನ್ನು 2010ರಲ್ಲಿ 5.5.3 ವರ್ಷನ್‌ಗೆ ಸೇರಿಸಿದರು, ಡೀಫಾಲ್ಟ್ ಆಗಲು 8.0 ಬರಬೇಕಾಯಿತು. ಒರಾಕಲ್ ಡೇಟಾಬೇಸ್ ಕಡೆಗೂ ಇದೇ ಕಥೆ. ಅಲ್ಲಿನ 'ಯುಟಿಎಫ್8' ಅಸಲಿ ಅಲ್ಲ, ಅಸಲಿಯ ಹೆಸರು 'ಎಎಲ್32ಯುಟಿಎಫ್8'. ಹೆಸರೋ, ಗಾಡಿಯ ನಂಬರ್ ಪ್ಲೇಟೋ?

ಯುರೋಪಿನ ಭಾಷೆಗಳ ಹಳೆಯ ಎನ್‌ಕೋಡಿಂಗ್ ಲ್ಯಾಟಿನ್1 ಇನ್ನೊಂದು ತಲೆನೋವು. ಮೈಎಸ್‌ಕ್ಯೂಎಲ್‌ನಲ್ಲಿ ಲ್ಯಾಟಿನ್1 ಅಂದರೆ ನಿಜಕ್ಕೂ ವಿಂಡೋಸ್ 1252 ಅನ್ನುವ ಬೇರೆ ಎನ್‌ಕೋಡಿಂಗ್. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಲ್ಯಾಟಿನ್1 ಅಂದರೆ ಐಎಸ್‌ಒ ಮಾನದಂಡದ 8859-1, ವಿಂಡೋಸಿನದಕ್ಕೆ 'ವಿನ್1252' ಅಂತ ಬೇರೆ ಹೆಸರು. ಹೆಸರು ನಂಬಿಕೊಂಡು ಡೇಟಾ ಸಾಗಿಸಿದರೆ ಯೂರೋ ಚಿಹ್ನೆ, ಬಾಗಿದ ಕೊಟೇಶನ್ ಗುರುತು ಎಲ್ಲ ಕಣ್ಣಿಗೆ ಕಾಣದ ಕಂಟ್ರೋಲ್ ಕ್ಯಾರೆಕ್ಟರ್ ಆಗಿ ಕೂರುತ್ತವೆ.

ಸರಿ, ನಮ್ಮ ಡೇಟಾಬೇಸ್‌ನಲ್ಲಿ ಈಗ ಯಾವ ಎನ್‌ಕೋಡಿಂಗ್ ಇದೆ ಅಂತ ಹುಡುಕೋಣ ಅಂದರೆ ಅದೂ ಸುಲಭವಿಲ್ಲ. ಪೋಸ್ಟ್‌ಗ್ರೆಸ್‌ನ ಪಿಜಿ_ಡೇಟಾಬೇಸ್ ಟೇಬಲ್‌ನಲ್ಲಿ ಎನ್‌ಕೋಡಿಂಗ್ ಕಾಲಂ ಕೇಳಿದರೆ '6' ಅನ್ನುತ್ತದೆ. ಆರು! ಅದು ಯುಟಿಎಫ್8 ಅಂತ ತಿಳಿಯಲು ಇನ್ನೊಂದು ಫಂಕ್ಷನ್ ಕರೆಯಬೇಕು.

ಎಲ್ಲಕ್ಕಿಂತ ಮೈ ಉರಿಸುವುದು ಆ ಅಡ್ಡಗೆರೆ. ಮೈಎಸ್‌ಕ್ಯೂಎಲ್‌ಗೆ 'ಯುಟಿಎಫ್-8' ಅಂತ ಗೆರೆ ಹಾಕಿ ಕೊಟ್ಟರೆ ಅಂಥ ಕ್ಯಾರೆಕ್ಟರ್ ಸೆಟ್ಟೇ ಗೊತ್ತಿಲ್ಲ ಅನ್ನುತ್ತದೆ. ಜಾವಾ ಪ್ರೋಗ್ರಾಂ ಅನ್ನು ಅದಕ್ಕೇ ಜೋಡಿಸುವ ಡ್ರೈವರ್‌ನ ಎನ್‌ಕೋಡಿಂಗ್ ಸೆಟ್ಟಿಂಗ್‌ಗೆ ಯುಟಿಎಫ್8ಎಂಬಿ4 ಕೊಟ್ಟರೆ ಅದು ಒಪ್ಪುವುದಿಲ್ಲ, ಅಲ್ಲಿ ಗೆರೆ ಹಾಕಿದ ಹೆಸರು ನಡೆಯುತ್ತದೆ. ಒಂದೇ ಕನೆಕ್ಷನ್, ಈ ತುದಿಗೊಂದು ಹೆಸರು, ಆ ತುದಿಗೊಂದು! ಪೋಸ್ಟ್‌ಗ್ರೆಸ್‌ನ ಆ ಆರನ್ನು ಎಷ್ಟು ಬೈದರೂ ಇದೊಂದನ್ನು ಮೆಚ್ಚಬೇಕು: ಹೆಸರು ಹುಡುಕುವಾಗ ಗೆರೆ, ದೊಡ್ಡಕ್ಷರ, ಸಣ್ಣಕ್ಷರ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹೇಗೆ ಬರೆದರೂ ಸಿಗುತ್ತದೆ. ಅಷ್ಟು ಮಾಡಲು ಉಳಿದವರಿಗೆ ಏನು ಧಾಡಿ?